ಟಿವಿಯ ಮೈಮೇಲೆ ಬಾರದಾಕೆ

ನಮ್ಮ ದೊಡ್ಡವ್ವ ಟಿವಿಯ ಮುಂದೆ ಕೂತಿದ್ದಾಳೆಂದರೆ ಸಿನಿಮಾ ನೋಡುತ್ತಿದ್ದಾಳೆ ಎಂದು ತಿಳಿದುಬಿಟ್ಟೀರಿ, ಜೋಕೆ! ಆಕೆ ಸಿನಿಮಾ ನೋಡುವುದಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಯಾರೋ ಬರುವುದನ್ನು ಕಾಯುತ್ತಾಳೆ. ಸಿನಿಮಾ ಮುಗಿದ ಮೇಲೆ ಕಣ್ಣು ತೆರೆದು ಒಂದೇ ಒಂದು ಮಾತು ಹೇಳುತ್ತಾಳೆ: "ಬಂದಿಲ್ಲ." ಅಲ್ಲಿಗೆ ಕೋಟಿ ಸುರಿದು ತೆಗೆದ ಚಿತ್ರದ ಕಥೆ ಮುಗಿಯಿತು! ಕೊಟ್ಟೂರಿನ ನಮ್ಮ ಮನೆಯಲ್ಲಿ ಆ ತೀರ್ಪಿಗೆ ಮೇಲ್ಮನವಿ ಇಲ್ಲ.

ನಾನು ಹರಪನಹಳ್ಳಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ದೊಡ್ಡವ್ವನ ಕಣ್ಣನ್ನು ನಾನೇ ಪರೀಕ್ಷೆ ಮಾಡಿಸಿ, ಒಳ್ಳೆಯ ಗಾಜು ಹಾಕಿಸಿ, ಕನ್ನಡಕ ಕೊಟ್ಟಿದ್ದೇನೆ. ಅದನ್ನು ಆಕೆ ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಹಾಕಿಕೊಳ್ಳುತ್ತಾಳೆ. ಬೀದಿಯಲ್ಲಿ ಯಾರ ಮನೆಗೆ ಯಾರು ಹೋದರು ಎಂದು ನೋಡುವಾಗಲಂತೂ ತಪ್ಪದೆ ಹಾಕಿಕೊಳ್ಳುತ್ತಾಳೆ. ಸಿನಿಮಾ ಶುರುವಾಯಿತೋ, ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಡಬ್ಬಿ ಮುಚ್ಚಿ, ಆಮೇಲೆ ತನ್ನ ಕಣ್ಣು ಮುಚ್ಚುತ್ತಾಳೆ. ಕನ್ನಡಕ ಮಾರಿ ಬದುಕುವವನಿಗೆ ಇದಕ್ಕಿಂತ ಅವಮಾನ ಬೇಕೇ?

ಹಾಗಂತ ಎಲ್ಲ ಸಿನಿಮಾಕ್ಕೂ ಈ ಮರ್ಯಾದೆ ಇಲ್ಲ. ಪುಸ್ತಕದಿಂದ ತೆಗೆದದ್ದಾಗಬೇಕು. ಅಣ್ಣನ ಹೆಂಡತಿ, ಅಂದರೆ ದೊಡ್ಡವ್ವನ ಸೊಸೆ, ನನಗೆ ಅತ್ತಿಗೆ, ಟಿವಿ ಹಚ್ಚಿದ ಕೂಡಲೇ ಒಳಗಿನಿಂದ ಪ್ರಶ್ನೆ ಬರುತ್ತದೆ: "ಪುಸ್ತಕದ್ದೇನವಾ?"

"ಅಲ್ರಿ ಅತ್ತಿ, ಬರೇ ಹೊಡದಾಟದ್ದು."

"ಹಂಗಾರ ಹೊಡದಾಡ್ಲಿ ಬಿಡು," ಎಂದು ಶೇಂಗಾ ಸುಲಿಯುತ್ತ ಕೂರುತ್ತಾಳೆ. "ಹೂನ್ರಿ, ದೊಡ್ಡ ಪ್ರಶಸ್ತಿ ಬಂದ ಕಾದಂಬರಿದು" ಎಂದರೆ ಮಾತ್ರ ಮನೆಯ ಗಾಳಿಯೇ ಬದಲಾಗುತ್ತದೆ. ದೊಡ್ಡವ್ವ ಎದ್ದು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಬರುತ್ತಾಳೆ. ಟಿವಿಯ ಮುಂದೆ ಲೋಬಾನ ಹಾಕುತ್ತಾಳೆ. ಸೆಟ್ ಟಾಪ್ ಬಾಕ್ಸಿನ ಮೇಲೆ ಒಂದು ನಿಂಬೆಹಣ್ಣು ಕೂರುತ್ತದೆ. ಬೀದಿಯ ಕಡೆಯ ಕಿಟಕಿ ತೆರೆಯುತ್ತಾಳೆ. ಕೊನೆಗೆ ತನ್ನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು, ಸೆರಗಿನಿಂದ ಒರೆಸಿ, ಅದನ್ನು ಖಾಲಿ ಬಿಡುತ್ತಾಳೆ. ಆ ಕುರ್ಚಿಯಲ್ಲಿ ಕೂರುವ ಧೈರ್ಯ ನಮ್ಮ ಮನೆಯಲ್ಲಿ ಬೆಕ್ಕಿಗೂ ಇಲ್ಲ.

ಇದೆಲ್ಲ ನಡೆಯುವುದು ಮಟಮಟ ಮಧ್ಯಾಹ್ನ. ದೆವ್ವಗಳಿಗೆ ರಾತ್ರಿ ಪಾಳಿ ಎಂದು ಯಾರು ಹೇಳಿದರೋ! ನಮ್ಮ ಕಡೆ ಅವು ಊಟದ ಹೊತ್ತು ಮೀರಿದ ಮೇಲೆ ಕೆಲಸಕ್ಕೆ ಬರುತ್ತವೆ. ಕೊಟ್ಟೂರಿನ ಬಿಸಿಲಲ್ಲಿ ಬೀದಿ ಬಿಕೋ ಎನ್ನುತ್ತಿರುತ್ತದೆ. ಮಿರ್ಚಿ ಅಂಗಡಿಯವನೂ ಬಾಣಲೆ ಮುಚ್ಚಿ ಮಲಗಿರುತ್ತಾನೆ. ಎಲ್ಲೋ ಒಂದು ಬಾಗಿಲು ಗಾಳಿಯಿಲ್ಲದೆ ತಾನೇ ಬಡಿದುಕೊಳ್ಳುತ್ತದೆ. ಆ ಹೊತ್ತಿಗೆ ಲೋಬಾನದ ಹೊಗೆಯೊಳಗಿಂದ ಟಿವಿಯ ನೀಲಿ ಬೆಳಕು ಬಂದು ಕಣ್ಣು ಮುಚ್ಚಿದ ಮುದುಕಿಯ ಮುಖದ ಮೇಲೆ ಬಿದ್ದರೆ ನಿಮಗೆ ಹೇಗನಿಸೀತು? ನನಗೆ ಸಣ್ಣಂದಿನಿಂದ ರೂಢಿಯಾಗಿದೆ. ಆದರೂ ನಾನು ಬಾಗಿಲ ಹತ್ತಿರವೇ ಕೂರುತ್ತೇನೆ.

ಇಷ್ಟಕ್ಕೂ ಸಿನಿಮಾ ಅಳೆಯುವ ಈ ವಿದ್ಯೆ ಆಕೆಗೆ ಬಂದದ್ದು ತವರಿನಿಂದ. ತವರು ಮೈಲಾರದ ಈಚೆಗೆ, ಹೊಳೆಯ ದಂಡೆಯ ಒಂದು ಸಣ್ಣ ಹಳ್ಳಿ. ಅಲ್ಲಿ ಯಾರಾದರೂ ಮೈದುಂಬಿ ಕುಣಿಯತೊಡಗಿದರೆ, ಬಂದದ್ದು ಖರೆ ದೇವರೋ ಇಲ್ಲಾ ಬರೀ ಹಸಿವೋ ಎಂದು ನೋಡಲು ಆಕೆಯ ತಾತನನ್ನು ಕರೆಯುತ್ತಿದ್ದರಂತೆ. ತಾತ ಎದುರಿಗೆ ಕೂತು, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ: "ಯಾರು ನೀನು? ಯಾಕ ಬಂದಿ? ಖರೇ ಆಗಿದ್ರ ಕುರುಹು ಕೊಡು." ಕಣ್ಣು ಯಾಕೆ ಮುಚ್ಚಬೇಕು? "ಕುಣಿತ ಕಣ್ಣಿಗೆ ಮೋಸ ಮಾಡತೈತಿ, ದನಿ ಕಿವಿಗೆ ಮೋಸ ಮಾಡಂಗಿಲ್ಲ" ಎಂಬುದು ತಾತನ ಸಿದ್ಧಾಂತ. ಅದನ್ನೇ ಮೊಮ್ಮಗಳು ಸಿನಿಮಾಕ್ಕೆ ಹಚ್ಚಿದಳು, ಅಷ್ಟೇ.

"ಪುಸ್ತಕದಾಗಿನ ಮಂದಿ ದೇವರಿದ್ದಂಗ ಲೇ ತಮ್ಮಾ," ಎಂದು ನನಗೆ ಪಾಠ ಹೇಳಿದ್ದಾಳೆ. "ಸಿನಿಮಾದಾಗ ಕುಣಿಯೋರು ಪೂಜಾರಿಗಳು. ಮುಖಕ್ಕ ಬಣ್ಣ ಬಳಕೊಂಡು, ಒಳ್ಳೆ ಸೀರಿ ಉಟಗೊಂಡು ಬಾ ಅಂದ್ರ ಬರತಾಳೇನು? ಮನಸ ಬಂದ್ರ ಬರತಾಳ. ಇಲ್ಲಂದ್ರ ಆ ಪೂಜಾರಿ ಕೈಕಾಲು ನೋಯ್ತಾವ, ಅಷ್ಟ."

ಪೇಪರಿನವರು ಒಂದು ಪುಟ ತುಂಬ ಬರೆಯುವ ವಿಮರ್ಶೆ ಆಕೆಗೆ ಒಂದು ಮಾತಿನದು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ನುಡಿಯುವ ಒಂದು ಸಾಲಿನ ಕಾರ್ಣಿಕವನ್ನು ಊರೆಲ್ಲ ಕೂತು ಬಿಡಿಸುವಂತೆ ಆ ಒಂದು ಮಾತನ್ನು ನಾವು ಕೂತು ಬಿಡಿಸುತ್ತೇವೆ. ಬಂದಿಲ್ಲ ಎಂದರೆ ಏನು? ನಟನೆ ಬಂದಿಲ್ಲವೋ, ಕಥೆಯ ರುಚಿ ಬಂದಿಲ್ಲವೋ, ನಿರ್ದೇಶಕನಿಗೆ ಬುದ್ಧಿ ಬಂದಿಲ್ಲವೋ? ಅಣ್ಣ ಒಬ್ಬನೇ, "ಮಳಿ ಬಂದಿಲ್ಲ ಅಂತಿರಬೇಕು ಬಿಡ್ರೋ" ಎಂದು ತನ್ನ ಅಂಗಡಿಗೆ ಹೋಗಿಬಿಡುತ್ತಾನೆ.

ಒಮ್ಮೆ ಹಗರಿಬೊಮ್ಮನಹಳ್ಳಿಯ ಟಾಕೀಸಿಗೆ ಕರೆದುಕೊಂಡು ಹೋಗಿದ್ದೆ. ಹಳೆಯ ಹೆಸರುವಾಸಿ ಕಾದಂಬರಿಯೊಂದರ ಚಿತ್ರ. ಹಠ ಮಾಡಿ ತನ್ನ ಪಕ್ಕದ ಸೀಟಿಗೂ ಟಿಕೆಟ್ ತೆಗೆಸಿದಳು. ಕತ್ತಲಾದ ಮೇಲೆ ಬಂದ ಒಬ್ಬ ದಪ್ಪನೆಯ ಮನುಷ್ಯ ಆ ಖಾಲಿ ಸೀಟಿನಲ್ಲಿ ಇನ್ನೇನು ಕೂರಬೇಕು, ದೊಡ್ಡವ್ವ ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ, "ಅಲ್ಲಿ ಮಂದಿ ಅದಾರ" ಅಂದಳು. ಆತ ಸೀಟನ್ನು ನೋಡಿದ. ಮುದುಕಿಯ ಮುಚ್ಚಿದ ಕಣ್ಣು ನೋಡಿದ. ಕೈಯಲ್ಲಿದ್ದ ಮಂಡಕ್ಕಿಯ ಪೊಟ್ಟಣ ಅಲ್ಲೇ ಬಿಟ್ಟು ಹಿಂದಿನ ಸಾಲಿಗೆ ಹೋದ. ಅದನ್ನು ವಾಪಸು ಕೇಳಲು ಇಂಟರ್ವಲ್ಲಿನಲ್ಲೂ ಬರಲಿಲ್ಲ.

ಇಂಟರ್ವಲ್ ಮುಗಿದು ನಾಯಕಿ ಮತ್ತೆ ತೆರೆಗೆ ಬಂದಳು. ಸಂಗೀತ ನಿಂತಿತು. ಇಡೀ ಟಾಕೀಸು ಸುಮ್ಮನಿತ್ತು. ಆ ಮೌನದಲ್ಲಿ ದೊಡ್ಡವ್ವ ತಾತನ ದನಿಯಲ್ಲಿ ಕೇಳಿದಳು: "ಯಾರವಾ ನೀನು?"

ತೆರೆಯ ಮೇಲಿನ ನಾಯಕಿ ನೇರವಾಗಿ ನಮ್ಮ ಕಡೆ ತಿರುಗಿ ಹೇಳಿದಳು: "ನಾನು ಯಾರೆಂದು ಇನ್ನೂ ಗೊತ್ತಾಗಲಿಲ್ಲವೇ?"

ನನ್ನ ಬೆನ್ನಹುರಿಯಲ್ಲಿ ತಣ್ಣಗೆ ಹರಿದದ್ದೇನು ಎಂದು ಈಗಲೂ ಹೇಳಲಾರೆ! ಮುಂದಿನ ಸಾಲಿನ ಹೆಂಗಸೊಬ್ಬಳು ಕೂಸನ್ನು ಎದೆಗೆ ಅವುಚಿಕೊಂಡಳು. ಹಿಂದಿನ ಸಾಲಿನಲ್ಲಿ ಆ ದಪ್ಪ ಮನುಷ್ಯ "ಶಿವಾ ಶಿವಾ" ಎಂದದ್ದು ಎಲ್ಲರಿಗೂ ಕೇಳಿಸಿತು. ದೊಡ್ಡವ್ವ ಮಾತ್ರ ಒಂದು ಗಳಿಗೆ ಕಿವಿಗೊಟ್ಟು, "ಗೊತ್ತಾಗಲಿಲ್ಲ. ಬಂದಿಲ್ಲ. ಏಳಲೇ, ಬಸ್ಸಿಗೆ ಹೊತ್ತಾತು" ಎಂದು ಎದ್ದೇಬಿಟ್ಟಳು. ಆಕೆಯ ಹಿಂದೆ ಅರ್ಧ ಸಾಲು ಎದ್ದು ಬಂತು. ಅವರು ಚಿತ್ರ ಕೆಟ್ಟದೆಂದು ಎದ್ದರೋ, ಹೆದರಿ ಎದ್ದರೋ, ವಿಮರ್ಶಕರೇ ಹೇಳಬೇಕು.

ಅತ್ತಿಗೆಯದು ಇನ್ನೊಂದು ಕಥೆ. ಆಕೆ ಕೂಡ್ಲಿಗಿ ಕಾಲೇಜಿನಲ್ಲಿ ಓದಿದವಳು, ದೆವ್ವ ಗಿವ್ವ ನಂಬುವವಳಲ್ಲ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿದ್ದಾಗ ಪಡಸಾಲೆಯಿಂದ ಅತ್ತೆಯ ಮಾತು ಕೇಳಿತಂತೆ. "ಬಾ, ಒಳಗ ಬಾ. ಹೊರಗ ಯಾಕ ನಿಂತಿ? ಬಿಸಲಾಗ ಎಷ್ಟೊತ್ತು ನಿಂದರತಿ?" ನೆಂಟರು ಬಂದರೆಂದು ಅತ್ತಿಗೆ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು. ಯಾರೂ ಇಲ್ಲ. ಕರೆಂಟು ಹೋಗಿ ಟಿವಿ ನಿಂತಿದೆ. ದೊಡ್ಡವ್ವ ಆ ಕಪ್ಪು ಗಾಜಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದಾಳೆ. ಗಾಜಿನೊಳಗೆ ಇಬ್ಬರು! ಒಬ್ಬಳು ದೊಡ್ಡವ್ವ. ಆಕೆಯ ಹಿಂದೆ ಇನ್ನೊಬ್ಬಳು, ಕೈಯಲ್ಲಿ ಏನೋ ಹಿಡಿದು ನಿಂತಿದ್ದಾಳೆ.

ಅತ್ತಿಗೆ ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿತೆಂದು ಅಣ್ಣ ಹೇಳುತ್ತಾನೆ. ತಂಬಿಗೆ ಬಿತ್ತು. ಗಾಜಿನೊಳಗಿನವಳ ತಂಬಿಗೆಯೂ ಬಿತ್ತು. ಆಗ ಗೊತ್ತಾಯಿತು, ಅದು ತಾನೇ ಎಂದು!

ಗೊತ್ತಾದರೇನು? ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾದೀತೇ? ವಾರ ಕಳೆಯುವುದರೊಳಗೆ ಓಣಿಯ ಹೆಂಗಸರು ನಮ್ಮ ಕಿಟಕಿಯ ಕೆಳಗೆ ನಡೆಯುವುದನ್ನು ಬಿಟ್ಟರು. ಕಾನಹೊಸಹಳ್ಳಿಯ ಕಡೆಯಿಂದ ತಾಯಿತ ಕಟ್ಟುವ ಒಬ್ಬ ಸ್ವಾಮಿಯನ್ನು ಅತ್ತಿಗೆಯೇ ಕರೆಸಿದಳು. ಆತ ಬಂದು ನೋಡಿದ. ಗಾಳಿ ಸೋಂಕಿರುವುದು ಅತ್ತೆಗೋ ಟಿವಿಗೋ ಎಂಬುದು ಆತನಿಗೆ ಬಗೆಹರಿಯಲಿಲ್ಲ. ಎರಡಕ್ಕೂ ಇರಲಿ ಎಂದು ಒಂದು ತಾಯಿತ ರಿಮೋಟಿಗೆ ಕಟ್ಟಿದ, ಇನ್ನೊಂದನ್ನು ದೊಡ್ಡವ್ವನ ತೋಳಿಗೆ ಕಟ್ಟಲು ಹೋದ.

"ಸಿನಿಮಾ ಮುಗೀಲಿ ತಡೀರಿ ಸ್ವಾಮ್ಯಾರ, ನಡುವ ಮುಟ್ಟಬಾರದು," ಅಂದಳು ದೊಡ್ಡವ್ವ. ಸ್ವಾಮಿ ಕಾಯುತ್ತ ಕೂತ. ಕೂತವನು ನೋಡಿದ. ನೋಡುತ್ತ ನೋಡುತ್ತ ಹೆಗಲ ಮೇಲಿನ ವಸ್ತ್ರ ಕಣ್ಣಿಗೆ ಹೋಯಿತು. ಕೊನೆಗೆ ನಾಯಕಿ ಗಂಡನ ಮನೆಯ ಹೊಸ್ತಿಲು ದಾಟುವಾಗ ಬಿಕ್ಕಿ ಬಿಕ್ಕಿ ಅತ್ತ. ದೊಡ್ಡವ್ವ ಕಣ್ಣು ತೆರೆದು, "ಬಂದಿಲ್ಲ" ಅಂದಳು.

"ನಿಮಗ ಬಂದಿಲ್ಲದಿರಬಹುದು ಯವ್ವಾ, ನನಗಂತೂ ಬಂದಾಳ್ರಿ," ಎಂದ ಸ್ವಾಮಿ, ಮೂಗು ಒರೆಸಿಕೊಳ್ಳುತ್ತ. ಹೋಗುವಾಗ ದೊಡ್ಡವ್ವನ ತೋಳಿಗೆಂದು ತಂದ ತಾಯಿತವನ್ನು ತನ್ನ ತೋಳಿಗೇ ಕಟ್ಟಿಕೊಂಡು ಹೋದ. ರಿಮೋಟಿನ ತಾಯಿತ ಈಗಲೂ ಇದೆ. ಸೌಂಡಿನ ಗುಂಡಿ ಒತ್ತುವಾಗ ಅಡ್ಡ ಬರುತ್ತದೆ.

ನಗಬೇಡಿ. ಅಥವಾ ನಗಿ, ನಾನೂ ನಗುತ್ತಿದ್ದೆ. ಆದರೆ ಆ ಕುರ್ಚಿ ಯಾರದೆಂದು ನಿಮಗೆ ಈಗಲಾದರೂ ಹೇಳಬೇಕು. ಅದು ನಮ್ಮವ್ವನದು.

ನಮ್ಮವ್ವ ದೊಡ್ಡವ್ವನ ನೆಗೆಣ್ಣಿ, ಮೈದುನನ ಹೆಂಡತಿ. ನಾನು ತೊಟ್ಟಿಲು ಬಿಟ್ಟು ಇನ್ನೂ ನೆಟ್ಟಗೆ ನಡೆಯುತ್ತಿರಲಿಲ್ಲ, ಆಕೆ ಜ್ವರ ಬಂದು ತೀರಿಕೊಂಡಳು. ಅಪ್ಪ ಶೇಂಗಾ ವ್ಯಾಪಾರಕ್ಕೆಂದು ಊರೂರು ತಿರುಗುವವನು. ನಾನು ಬೆಳೆದದ್ದು ದೊಡ್ಡವ್ವನ ಮಡಿಲಲ್ಲಿ. ಅವ್ವನ ಒಂದು ಫೋಟೋ ಇದೆ. ಫೋಟೋ ಮಾತಾಡುತ್ತದೆಯೇ? ಆಕೆಯ ದನಿ ಹೇಗಿತ್ತು ಎಂದು ಒಮ್ಮೆ ಅಪ್ಪನನ್ನು ಕೇಳಿದೆ. ಅಪ್ಪ ಬಹಳ ಹೊತ್ತು ಯೋಚನೆ ಮಾಡಿ, "ಹೆಣ್ಮಕ್ಕಳ ದನಿ ಇದ್ದಂಗ ಇತ್ತು" ಅಂದ. ದೊಡ್ಡವ್ವನನ್ನು ಕೇಳಿದರೆ ಅವ್ವನ ಹಾಗೆ ಮಾತಾಡಿ ತೋರಿಸಲು ಹೋಗುತ್ತಿದ್ದಳು. ಎರಡು ಮಾತು ಆಡುತ್ತಿದ್ದಳು, ನಿಲ್ಲಿಸುತ್ತಿದ್ದಳು, "ಹಿಂಗಲ್ಲ" ಎನ್ನುತ್ತಿದ್ದಳು. ಮತ್ತೆ ಆಡುತ್ತಿದ್ದಳು. "ಹಿಂಗೂ ಅಲ್ಲ."

ನೆಗೆಣ್ಣಿಯರೆಂದರೆ ಒಂದು ಒಲೆಯಲ್ಲಿ ಎರಡು ಬೆಂಕಿ ಎನ್ನುವ ನಾಡು ನಮ್ಮದು. ಇವರಿಬ್ಬರ ನಡುವೆ ಮಾತ್ರ ಹಾಗಾಗಲಿಲ್ಲ. ದೊಡ್ಡವ್ವನಿಗೆ ಅಕ್ಷರ ಬಾರದು. ಅವ್ವನಿಗೆ ಕಾದಂಬರಿಯ ಹುಚ್ಚು. ಅಣ್ಣ ಹುಟ್ಟಿದಾಗ ದೊಡ್ಡವ್ವನ ತವರಲ್ಲಿ ಬಾಣಂತನ ಮಾಡಲು ತಾಯಿ ಇರಲಿಲ್ಲ, ಈ ಮನೆಯಲ್ಲೇ ನೆಗೆಣ್ಣಿ ಮಾಡಿದಳು. ಬಾಣಂತಿಗೆ ಸನ್ನಿ ಹಿಡಿಯಿತು. ಮೈ ಕೆಂಡ, ಮಾತು ಎಲ್ಲೆಲ್ಲೋ. ಸೂಲಗಿತ್ತಿ ಬಾಗಿಲ ಹೊರಗೆ ನಿಂತು ತಲೆ ಅಲ್ಲಾಡಿಸಿದಳಂತೆ. ಸನ್ನಿ ಹಿಡಿದ ಬಾಣಂತಿ ಹಗಲು ನಿದ್ದೆ ಮಾಡಿದರೆ ಏಳುವುದಿಲ್ಲ ಎಂದು ನಮ್ಮಲ್ಲಿ ಹೆದರಿಕೆ. ಹಗಲೆಲ್ಲ ಎಚ್ಚರ ಇರಿಸಬೇಕು, ಹೇಗೆ? ಅವ್ವ ಮಂಚದ ಪಕ್ಕ ಕೂತು, ಬಾಗಿಲ ಸಂದಿಯ ಬೆಳಕಿಗೆ ಪುಸ್ತಕ ಹಿಡಿದು, ಗಟ್ಟಿಯಾಗಿ ಓದಿದಳು.

"ಕಣ್ಣು ತಗದ್ರ ಎಲ್ಲಾ ತಿರಗತಿತ್ತು ಲೇ ತಮ್ಮಾ. ಅದಕ್ಕ ಮುಚಗೊಂಡು ಆಕಿ ದನಿ ಒಂದ ಹಿಡಕೊಂಡು ಬಿದ್ದಿದ್ದೆ. ಬಾವ್ಯಾಗ ಹಗ್ಗ ಹಿಡದಂಗ." ಬದುಕಿಕೊಂಡಳು. ಆಮೇಲೆ ಮಧ್ಯಾಹ್ನಗಳೆಲ್ಲ ಹಾಗೇ ನಡೆದವು. ಒಬ್ಬಳು ಶೇಂಗಾ ಸುಲಿಯುವುದು, ಒಬ್ಬಳು ಓದುವುದು. ಎಷ್ಟೋ ಕಾದಂಬರಿಯ ಎಷ್ಟೋ ಹೆಣ್ಣುಗಳು ದೊಡ್ಡವ್ವನ ಕಿವಿಯೊಳಗೆ ಮಾತಾಡಿದ್ದು ಒಂದೇ ದನಿಯಲ್ಲಿ. ಹಾಗಿದ್ದ ಮೇಲೆ ಆ ಹೆಣ್ಣುಗಳು ಯಾವತ್ತಾದರೂ ನಟಿಯೊಬ್ಬಳ ಮೈಮೇಲೆ ಖರೆಯಾಗಿ ಬಂದರೆ ಯಾವ ದನಿಯಲ್ಲಿ ಮಾತಾಡಬೇಕು? ದೊಡ್ಡವ್ವನ ಲೆಕ್ಕ ಅಷ್ಟು ಸರಳ.

ಈಚೆಗೆ ಆಕೆ ನನ್ನ ಕೈ ಹಿಡಿದು ಹೇಳಿದ ಒಂದು ಮಾತು ನನ್ನನ್ನು ಲೋಬಾನ, ನಿಂಬೆಹಣ್ಣುಗಳಿಗಿಂತ ಹೆಚ್ಚು ಹೆದರಿಸಿತು. "ಆಕಿ ದನಿ ಕಿವಿಯಾಗಿಂದ ಜಾರಾಕತ್ತೈತಿ ತಮ್ಮಾ. ಒಮ್ಮೆ ಕೇಳಿಬಿಟ್ರ ಹಿಡಕೊಂತೀನಿ. ಲಗೂನ ಬರಬೇಕು ಆಕಿ." ಅವ್ವನ ದನಿ ಈ ಭೂಮಿಯ ಮೇಲೆ ಉಳಿದಿದ್ದದ್ದು ಈ ಒಂದು ಮುದಿ ಕಿವಿಯಲ್ಲಿ. ಅದೂ ಹೋದರೆ ನನಗೆ ಉಳಿಯುವುದೇನು?

ಅಷ್ಟರಲ್ಲಿ ಬಂತು ನೋಡಿ, ಆ ಚಿತ್ರ! ಬಾಣಂತಿ ಕೋಣೆಯಲ್ಲಿ ಅವ್ವ ಓದಿದ್ದಳಲ್ಲ, ಅದೇ ಕಾದಂಬರಿಯದು. ಕೆರೆಯ ದಂಡೆಯ ಮನೆಯ ಒಬ್ಬ ಹೆಣ್ಣಿನ ಕಥೆ. ದೊಡ್ಡವ್ವ ಆಕೆಯನ್ನು ಓಣಿಯ ಗೆಳತಿಯ ಹಾಗೆ "ಕೆರಿ ದಂಡಿಯಾಕಿ" ಎಂದೇ ಕರೆಯುವುದು. ಚಿತ್ರ ಟಿವಿಗೆ ಬರುವ ದಿನ ನಾನು ಅಂಗಡಿ ಮುಚ್ಚಿ ಹರಪನಹಳ್ಳಿಯಿಂದ ಬಂದೆ. ದೊಡ್ಡವ್ವ ಹೊಸ ಸೀರೆ ಉಟ್ಟಿದ್ದಳು. ಖಾಲಿ ಕುರ್ಚಿಗೆ ಕೌದಿ ಹಾಸಿದ್ದಳು. ಕಿಟಕಿಯ ಜೊತೆಗೆ ಹಿತ್ತಲ ಬಾಗಿಲನ್ನೂ ತೆರೆದಿಟ್ಟಿದ್ದಳು, ಆಕೆ ಯಾವ ಕಡೆಯಿಂದ ಬರುತ್ತಾಳೋ ಏನೋ ಎಂದು. ಅಂಥ ಉರಿಬಿಸಿಲಲ್ಲಿ ಆ ಬಾಗಿಲಿನಿಂದ ಈ ಕಿಟಕಿಗೆ ತಣ್ಣನೆಯ ಗಾಳಿಯೊಂದು ಹಾದುಹೋಯಿತು. ಲೋಬಾನದ ಹೊಗೆ ಕುರ್ಚಿಯ ಮೇಲೆ ಒಂದು ಗಳಿಗೆ ಸುತ್ತಿಕೊಂಡು ನಿಂತಿತು. ನಾನು, ಅಣ್ಣ, ಅತ್ತಿಗೆ, ಮೂವರೂ ಅದನ್ನು ನೋಡಿದೆವು. ಮೂವರೂ ನೋಡಲಿಲ್ಲವೆಂಬಂತೆ ಕೂತೆವು.

ಚಿತ್ರ ಚೆನ್ನಾಗಿಯೇ ಇತ್ತು. ನಟಿ ಮಾತಾಡಿದಾಗಲೆಲ್ಲ ದೊಡ್ಡವ್ವನ ಕತ್ತು ಮುಂದಕ್ಕೆ ಬಾಗುತ್ತಿತ್ತು. ಇವತ್ತು ಬರುತ್ತಾಳೆ ಎಂದು ನಾನೂ ಉಸಿರು ಹಿಡಿದೆ, ಸುಳ್ಳು ಯಾಕೆ ಹೇಳಲಿ? ಕಥೆಯ ಕೊನೆಯ ಹೊತ್ತಿಗೆ ಕೆರೆಯ ದಂಡೆಯಾಕೆ ಹೆತ್ತಳು. ಆಕೆಗೂ ಸನ್ನಿ ಹಿಡಿಯಿತು. ಕೂಸು ಅಳುತ್ತಿತ್ತು. ದೀಪ ಸಣ್ಣಗಾಯಿತು. ಯಾರೋ ಆಕೆಯ ಮುಖದ ಮೇಲೆ ಸೀರೆ ಎಳೆದರು.

ದೊಡ್ಡವ್ವ ಕಣ್ಣು ತೆರೆದಳು! ಮನೆಯ ಟಿವಿಯಲ್ಲಿ ಸಿನಿಮಾದ ನಡುವೆ ಆಕೆ ಕಣ್ಣು ತೆರೆದದ್ದನ್ನು ನಾವು ಕಂಡಿರಲೇ ಇಲ್ಲ.

"ಸುಳ್ಳು!" ಎಂದು ಕೂಗಿದಳು. "ಆಕಿ ಸಾಯಂಗಿಲ್ಲ! ಪುಸ್ತಕದಾಗ ಆಕಿ ಏಳತಾಳ. ಎದ್ದು ಕುಂತು ಬಿಸಿ ಅಂಬಲಿ ಬೇಡತಾಳ. 'ಉಪ್ಪು ಸಾಲದು' ಅಂತಾಳ! ನನ್ನ ಕಿವಿಲೆ ಕೇಳೀನಿ. ಯಾರಲೇ ಆಕಿನ್ನ ಕೊಂದಾವ?"

ಅತ್ತಿಗೆ ಪಾಪ, ಸಮಾಧಾನ ಮಾಡಲು ಫೋನು ತೆಗೆದಳು. "ಅತ್ತಿ, ಇದರಾಗ ಎಲ್ಲಾರೂ ಬರದಾರ್ರಿ. ಕಾದಂಬರಿ ಹೆಂಗೈತೋ ಹಂಗ ತಗದಾರಂತ. ಒಂದ ಅಕ್ಷರನೂ ಬದಲ ಮಾಡಿಲ್ಲಂತ."

"ಫೋನು ಬಾಣಂತಿ ಕ್ವಾಣ್ಯಾಗ ಇತ್ತೇನು?" ಎಂದಳು ದೊಡ್ಡವ್ವ.

ನಮಗೆ ನಗು ಬರಲಿಲ್ಲ, ಯಾಕೆಂದರೆ ಆಕೆ ಎದ್ದು ಕುರ್ಚಿಯ ಮೇಲಿನ ಕೌದಿ ಮಡಿಸತೊಡಗಿದ್ದಳು. ಕಿಟಕಿ ಮುಚ್ಚಿದಳು. ಹಿತ್ತಲ ಬಾಗಿಲ ಅಗಳಿ ಹಾಕಿದಳು. "ಇನ್ನ ಆಕಿ ಬರಂಗಿಲ್ಲ. ಕೊಂದ ಜಾಗಕ್ಕ ಯಾರು ಬರತಾರ?" ಎಂದು ಕುರ್ಚಿಯನ್ನು ಅಟ್ಟಕ್ಕೆ ಹಾಕಿಸಿದಳು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ? ಅತ್ತಿಗೆ ಬೇಕೆಂದೇ ಪುಸ್ತಕದ ಸಿನಿಮಾ ಹುಡುಕಿ ಹಚ್ಚಿದರೂ ಒಳಗಿನಿಂದ ಪ್ರಶ್ನೆ ಬರಲಿಲ್ಲ. ಊಟ ಕಡಿಮೆಯಾಯಿತು. ಬೀದಿಯಲ್ಲಿ ಯಾರು ಎಲ್ಲಿಗೆ ಹೋದರೂ ದೊಡ್ಡವ್ವ ಕನ್ನಡಕ ಹಾಕಲಿಲ್ಲ. ಖಾಲಿ ಕುರ್ಚಿ ಇದ್ದಾಗ ಮನೆಯಲ್ಲಿ ಯಾರೋ ಇದ್ದಾರೆ ಎಂದು ಹೆದರುತ್ತಿದ್ದೆವು. ಈಗ ಯಾರೂ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆಯಾಯಿತು. "ದೆವ್ವ ಇದ್ರ ಚಲೋ ಇತ್ತು ನೋಡೋ," ಎಂದು ಅತ್ತಿಗೆಯೇ ನನ್ನೆದುರು ಕಣ್ಣು ಒರೆಸಿಕೊಂಡಳು.

ನನಗೆ ಒಂದೇ ದಾರಿ ಕಂಡಿತು. ಸಿನಿಮಾದವರು ಕೊಂದರೆ ಕೊಂದಾರು, ಪುಸ್ತಕದಲ್ಲಿ ಆಕೆ ಜೀವಂತ ಇದ್ದಾಳಲ್ಲ! ಅದನ್ನೇ ತಂದು ಓದಿಬಿಟ್ಟರಾಯಿತು. ನಾನು ಆ ಕಾದಂಬರಿ ಓದಿದವನಲ್ಲ; ಕನ್ನಡಕ ಮಾರುವುದೇ ಬೇರೆ, ಓದುವುದೇ ಬೇರೆ. ಅವ್ವನ ಪುಸ್ತಕಗಳನ್ನು ಗೆದ್ದಲು ಎಂದೋ ಓದಿ ಮುಗಿಸಿತ್ತು. ಹಡಗಲಿಯ ಗೆಳೆಯನೊಬ್ಬನ ಕಪಾಟಿನಲ್ಲಿ ಹಳೆಯ ಪ್ರತಿ ಸಿಕ್ಕಿತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕೊಟ್ಟೂರಿಗೆ ಬಂದೆ.

"ದೊಡ್ಡವ್ವ, ನಾನು ಓದತೀನಿ. ನೀ ಕೇಳು."

"ನಿನ್ನ ದನಿ ಕೇಳೀಯೇನು? ಒಡದ ಹಲಗಿ ಬಡದಂಗ ಐತಿ," ಎಂದಳು. ಆದರೂ ಗೋಡೆಗೆ ಆತು ಕೂತು ಕಣ್ಣು ಮುಚ್ಚಿದಳು.

ಮಧ್ಯಾಹ್ನ ಮಧ್ಯಾಹ್ನ ಓದಿದೆ. ಅವ್ವನ ದನಿ ಎಲ್ಲಿ, ನನ್ನದೆಲ್ಲಿ! ಹೆಣ್ಣಿನ ಮಾತು ಬಂದಾಗ ದನಿ ಸಣ್ಣ ಮಾಡಲು ಹೋದರೆ ಅತ್ತಿಗೆ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ದೊಡ್ಡವ್ವ ಹೂಂಗುಡುತ್ತಿರಲಿಲ್ಲ, ಬಂದಿಲ್ಲ ಎನ್ನುತ್ತಲೂ ಇರಲಿಲ್ಲ. ಹಾಗೇ ಓದುತ್ತ ಕೆರೆಯ ದಂಡೆಯಾಕೆಯ ಬಾಣಂತಿ ಕೋಣೆಗೆ ಬಂದೆ. ಸನ್ನಿ ಏರಿತು. ಕೂಸು ಅತ್ತಿತು. ದೀಪ ಸಣ್ಣಗಾಯಿತು. ಓದುವವನ ಕಣ್ಣು ಬಾಯಿಗಿಂತ ಒಂದು ಸಾಲು ಮುಂದೆ ಓಡುತ್ತದಲ್ಲ, ಹಾಗೆ ಓಡಿದ ನನ್ನ ಕಣ್ಣು ಅಲ್ಲೇ ನಿಂತಿತು.

ಪುಸ್ತಕದಲ್ಲಿ ಆಕೆ ಸಾಯುತ್ತಾಳೆ. ಮುಖದ ಮೇಲೆ ಸೀರೆ ಎಳೆಯುತ್ತಾರೆ. ಮುಂದಿನ ಪುಟ ತಿರುವಿದೆ. ಕೂಸನ್ನು ಬೇರೆ ಯಾರೋ ಎತ್ತಿಕೊಳ್ಳುತ್ತಾರೆ, ಕಥೆ ಮುಗಿಯುತ್ತದೆ. ಅಂಬಲಿ ಇಲ್ಲ. ಉಪ್ಪಿನ ಮಾತಿಲ್ಲ. ಸಿನಿಮಾದವರು ಒಂದಕ್ಷರ ಬದಲಿಸಿರಲಿಲ್ಲ.

ಬದಲಿಸಿದವಳು ನಮ್ಮವ್ವ.

ಇದೇ ಮನೆ, ಇಂಥದೇ ಮಧ್ಯಾಹ್ನ. ಮಂಚದ ಮೇಲೆ ಸನ್ನಿ ಹಿಡಿದ ನೆಗೆಣ್ಣಿ, ಬಾಗಿಲ ಹೊರಗೆ ತಲೆ ಅಲ್ಲಾಡಿಸುವ ಸೂಲಗಿತ್ತಿ, ಪುಟದ ಮೇಲೆ ಸಾವು. ಇಪ್ಪತ್ತು ದಾಟಿತ್ತೋ ಇಲ್ಲವೋ, ಆ ಹುಡುಗಿ ಇದೇ ಸಾಲಿಗೆ ಬಂದು ನಿಂತಿದ್ದಳು. ಮುಂದೆ ಓದುವ ಹಾಗಿಲ್ಲ, ಓದದೆ ಬಿಡುವ ಹಾಗಿಲ್ಲ. ಈಗ ಆಕೆ ನನ್ನ ಹೆಗಲ ಹಿಂದೆಯೇ ನಿಂತು ಅದೇ ಪುಟವನ್ನು ನೋಡುತ್ತಿದ್ದಾಳೆ ಎನಿಸಿತು. ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ನೋಡಬೇಕೆಂಬ ಆಸೆಯೂ ಬಿಡಲಿಲ್ಲ.

ಕೆಮ್ಮಿದೆ. ಅಕ್ಷರಗಳ ಮೇಲೆ ಬೆರಳಿಟ್ಟು, ಅಲ್ಲಿಲ್ಲದ್ದನ್ನು ಓದಿದೆ: "ಅಷ್ಟರಲ್ಲಿ ಆಕೆ ಕಣ್ಣು ತೆರೆದಳು. ಗೋಡೆಗೆ ಕೈಯೂರಿ ಎದ್ದು ಕೂತಳು. ಬಿಸಿ ಅಂಬಲಿ ಬೇಡಿದಳು. ಒಂದು ಗುಟುಕು ಕುಡಿದು, ಉಪ್ಪು ಸಾಲದು ಅಂದಳು…"

ದೊಡ್ಡವ್ವನ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೈ ನೀಡಿ, ಕುರುಡಿಯ ಹಾಗೆ ತಡವಿ, ನನ್ನ ಮೊಣಕಾಲು ಹಿಡಿದುಕೊಂಡಳು.

"ಆಕಿನೂ ಇಲ್ಲೇ ಕೆಮ್ಮಿದ್ದಳು ತಮ್ಮಾ," ಅಂದಳು. "ಇದ ಜಾಗದಾಗ. ಕೆಮ್ಮಿ, ಆಮ್ಯಾಲ ಓದಿದ್ದಳು."

ಅವ್ವನ ದನಿ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೆಮ್ಮು ಮಾತ್ರ ಗೊತ್ತಾಯಿತು. ನಾನು ಮುಂದಕ್ಕೆ ಓದಿದೆ.